ಒಂದೇ ಫ್ರೇಮಿನಿಂದ ಪ್ರಾಪ್‌ನ ಅಳತೆ ತೆಗೆಯುವ ಎಫ್‌ಸ್ಪೈ: ಎಲ್ಲಿ ನಂಬಬಹುದು, ಎಲ್ಲಿ ಕೈಕೊಡುತ್ತದೆ

‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದ ಮಾತಾಡುವ ಕಂಪ್ಯೂಟರ್ ಹಾಲ್ 9000 ನೋಡಲು ಇಷ್ಟೇ: ಉದ್ದನೆಯ ಕಪ್ಪು ಫಲಕ, ಸುತ್ತ ಬೆಳ್ಳಿಬಣ್ಣದ ಅಂಚು, ಮೇಲೆ ಹೆಸರಿನ ಪಟ್ಟಿ, ಕೆಳಗೆ ಸ್ಪೀಕರ್ ಜಾಲರಿ, ನಡುವೆ ಆ ಕೆಂಪು ಕಣ್ಣು. ಇದಕ್ಕಿಂತ ಸುಲಭದ ಪ್ರಾಪ್ (ಸಿನಿಮಾದಲ್ಲಿ ಬಳಸುವ ಸಾಮಾನು) ಇರಲಾರದು ಅನ್ನಿಸುತ್ತದೆ. ಆದರೆ ಕಟ್ಟಲು ಕೂತಾಗ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ: ಫಲಕದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ ಎಷ್ಟು? ಚಿತ್ರವನ್ನು ಪ್ರಿಂಟ್ ಹಾಕಿಸಿ ಸ್ಕೇಲ್ ಇಟ್ಟು ಅಳೆದರೆ ಒಂದೊಂದು ಫ್ರೇಮಿನಲ್ಲಿ ಒಂದೊಂದು ಉತ್ತರ ಬರುತ್ತದೆ. ಕ್ಯಾಮೆರಾ ಸ್ವಲ್ಪ ಓರೆಯಾಗಿ ನಿಂತಿದ್ದರೂ ದೂರದ ಅಂಚು ಕುಗ್ಗುತ್ತದೆ, ಹತ್ತಿರದ್ದು ಹಿಗ್ಗುತ್ತದೆ. ಕಣ್ಣಳತೆಯಲ್ಲಿ ಕಟ್ಟಿದ ಹಾಲ್ ಗೋಡೆಗೆ ಹಾಕಿದ ಮೇಲೆ ‘ಏನೋ ಸರಿ ಇಲ್ಲ’ ಅನ್ನಿಸುವುದಕ್ಕೆ ಬಹುಪಾಲು ಕಾರಣ ಇದೇ. ಬಣ್ಣ, ಲೈಟು, ಅಕ್ಷರ ಎಲ್ಲ ಸರಿಯಾಗಿದ್ದು ಅನುಪಾತ ಮಾತ್ರ ಶೇಕಡಾ 5ರಷ್ಟು ತಪ್ಪಿದ್ದರೂ ನೋಡುವ ಕಣ್ಣು ಹಿಡಿದುಬಿಡುತ್ತದೆ.

ಈ ಓರೆಯನ್ನು ಲೆಕ್ಕಹಾಕಿ ಬಿಡಿಸಿಕೊಡುವ ಪುಟ್ಟ ಸಾಫ್ಟ್‌ವೇರ್ ಎಫ್‌ಸ್ಪೈ. ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ತ್ರೀಡಿ ಮಾಡೆಲ್ ಕಟ್ಟುವ ಸಾಫ್ಟ್‌ವೇರ್ ಬ್ಲೆಂಡರ್‌ಗೆ ಹಿಂದೆ ಇದ್ದ ಬ್ಲ್ಯಾಮ್ ಎಂಬ ಆಡ್-ಆನ್‌ನ ಮುಂದಿನ ಪೀಳಿಗೆ ಇದು. ಮಾಡುವ ಕೆಲಸ ಒಂದೇ: ಚಿತ್ರ ಕೊಟ್ಟು, ಅದರಲ್ಲಿ ನಿಜವಾಗಿ ಸಮಾಂತರವಾಗಿರುವ ಗೆರೆಗಳನ್ನು ತೋರಿಸಿದರೆ, ಆ ಚಿತ್ರ ತೆಗೆದ ಕ್ಯಾಮೆರಾ ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು, ಅದರ ನೋಟದ ಕೋನ ಎಷ್ಟಿತ್ತು ಎಂದು ಹೇಳುತ್ತದೆ. ಅದೇ ಕ್ಯಾಮೆರಾವನ್ನು ಬ್ಲೆಂಡರ್ ಒಳಗೆ ನಿಲ್ಲಿಸಿಕೊಂಡರೆ ಚಿತ್ರದ ಮೇಲೇ ತ್ರೀಡಿ ಮಾಡೆಲ್ ಕಟ್ಟಬಹುದು. ಓರೆ ಫೋಟೋದಿಂದ ನೇರ ನಕ್ಷೆ ಬರುತ್ತದೆ.

ಕೇಳಲು ಮಾಯಾಜಾಲದಂತಿದೆ, ಒಳಗಿರುವುದು ಹೈಸ್ಕೂಲ್ ರೇಖಾಗಣಿತ. ರೈಲು ಕಂಬಿಗಳು ದೂರದಲ್ಲಿ ಕೂಡಿದಂತೆ ಕಾಣುವ ಬಿಂದುವಿಗೆ ವ್ಯಾನಿಶಿಂಗ್ ಪಾಯಿಂಟ್ ಎನ್ನುತ್ತಾರಲ್ಲ, ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಿಗೆ ಅಂಥ ಎರಡು ಬಿಂದು ಸಿಕ್ಕರೆ ಫೋಕಲ್ ಲೆಂಗ್ತ್ (ಲೆನ್ಸಿನ ನೋಟದ ಕೋನವನ್ನು ನಿರ್ಧರಿಸುವ ಅಳತೆ) ತಾನಾಗಿಯೇ ಹೊರಬೀಳುತ್ತದೆ. ಎರಡೂ ಬಿಂದುಗಳು ಕ್ಯಾಮೆರಾದ ಕಣ್ಮಟ್ಟದ ಗೆರೆಯ ಮೇಲಿದ್ದು, ಆ ಗೆರೆ ಚಿತ್ರದ ನಡುವೆಯೇ ಹಾದುಹೋದರೆ ಲೆಕ್ಕ ತೀರಾ ಸರಳ: ಚಿತ್ರದ ನಡುಬಿಂದುವಿನಿಂದ ಎಡಬಿಂದುವಿಗಿರುವ ದೂರವನ್ನು ಬಲಬಿಂದುವಿಗಿರುವ ದೂರದಿಂದ ಗುಣಿಸಿ ವರ್ಗಮೂಲ ತೆಗೆದರೆ ಪಿಕ್ಸೆಲ್ ಲೆಕ್ಕದಲ್ಲಿ ಫೋಕಲ್ ಲೆಂಗ್ತ್. ಎಡಕ್ಕೆ 1500, ಬಲಕ್ಕೆ 1800 ಪಿಕ್ಸೆಲ್ ದೂರದಲ್ಲಿ ಬಿಂದುಗಳಿದ್ದರೆ ಉತ್ತರ ಸುಮಾರು 1643. ಈ ಸೂತ್ರ ನೆನಪಿದ್ದರೆ ಸಾಫ್ಟ್‌ವೇರ್ ಎಲ್ಲಿ ಎಡವುತ್ತದೆ ಎಂಬುದೂ ಮೊದಲೇ ತಿಳಿಯುತ್ತದೆ. ಆಮೇಲೆ ಅದನ್ನು ಬೈಯಬೇಕಾಗಿ ಬರುವುದಿಲ್ಲ.

ಎಫ್‌ಸ್ಪೈ ಬಳಸಿ ‘ಇದು ಕೆಲಸಕ್ಕೆ ಬಾರದು’ ಎಂದು ಬಿಟ್ಟವರಲ್ಲಿ ಹೆಚ್ಚಿನವರು ತಪ್ಪಿರುವುದು ಸಾಫ್ಟ್‌ವೇರಿನಲ್ಲಿ ಅಲ್ಲ, ಚಿತ್ರ ಆರಿಸುವುದರಲ್ಲಿ. ಹಾಲ್‌ನ ಪ್ರಸಿದ್ಧ ಚಿತ್ರ, ತೆರೆ ತುಂಬ ಕೆಂಪು ಕಣ್ಣು ನೇರವಾಗಿ ನಮ್ಮನ್ನೇ ನೋಡುವ ಫ್ರೇಮ್, ಈ ಕೆಲಸಕ್ಕೆ ನಿರುಪಯೋಗಿ. ಫಲಕಕ್ಕೆ ಕ್ಯಾಮೆರಾ ನೇರ ಎದುರಿದ್ದರೆ ಅಂಚಿನ ಗೆರೆಗಳು ಎಲ್ಲೂ ಕೂಡುವುದಿಲ್ಲ. ಕೂಡದಿದ್ದರೆ ವ್ಯಾನಿಶಿಂಗ್ ಪಾಯಿಂಟ್ ಇಲ್ಲ, ಅದಿಲ್ಲದಿದ್ದರೆ ಲೆಕ್ಕವೂ ಇಲ್ಲ. ನಿಜವಾಗಿ ನೇರ ಎದುರಿನಿಂದ ತೆಗೆದ ಚಿತ್ರವೇ ಆದರೆ ಸಾಫ್ಟ್‌ವೇರೇ ಬೇಡ, ಅನುಪಾತವನ್ನು ಸ್ಕೇಲಿನಿಂದಲೇ ಅಳೆಯಬಹುದು. ತೊಂದರೆಯೆಂದರೆ ‘ನೇರ’ ಎಂದು ಕಾಣುವ ಫ್ರೇಮುಗಳು ಸಾಮಾನ್ಯವಾಗಿ ಎರಡು ಮೂರು ಡಿಗ್ರಿ ಓರೆಯಾಗಿರುತ್ತವೆ. ಎಫ್‌ಸ್ಪೈಗೆ ಬೇಕಾದುದು ಧಾರಾಳವಾಗಿ ಓರೆಯಾದ, 30ರಿಂದ 50 ಡಿಗ್ರಿ ತಿರುಗಿದ, ಮೇಲಿನಿಂದಲೋ ಕೆಳಗಿನಿಂದಲೋ ತುಸು ಬಾಗಿ ನೋಡಿದ ಫ್ರೇಮ್. ಅಂದರೆ ಪ್ರಾಪ್ ಅಷ್ಟೇನೂ ಚೆನ್ನಾಗಿ ಕಾಣದ, ಪಾತ್ರಧಾರಿಯ ಬೆನ್ನ ಹಿಂದೆ ಮೂಲೆಯಲ್ಲಿ ನಿಂತಿರುವ ಫ್ರೇಮುಗಳೇ ಇಲ್ಲಿ ಚಿನ್ನ.

ಎರಡನೆಯದು, ಆ ಚಿತ್ರ ಯಾವ ಲೆನ್ಸಿನಲ್ಲಿ ಹುಟ್ಟಿತು ಎಂಬುದು. ಹಾಲ್ ಈ ವಿಷಯದಲ್ಲಿ ಪುಣ್ಯವಂತ. ‘2001’ ಚಿತ್ರೀಕರಣ ಸೂಪರ್ ಪ್ಯಾನಾವಿಷನ್ 70ರಲ್ಲಿ, ಅಂದರೆ 65 ಮಿ.ಮೀ. ನೆಗೆಟಿವ್‌ನಲ್ಲಿ, ಸಾಮಾನ್ಯ ಗೋಳೀಯ ಲೆನ್ಸುಗಳಿಂದ. ನೆಗೆಟಿವ್ ಫ್ರೇಮಿನ ಅಳತೆ ಸುಮಾರು 52.6 × 23 ಮಿ.ಮೀ., ತೆರೆಯ ಮೇಲೆ ತೋರಿಸುವ ಅನುಪಾತ 2.20:1. ಗೆರೆ ಸಾಕಷ್ಟು ನೆಟ್ಟಗಿರುತ್ತದೆ. 2018ರಲ್ಲಿ ಬಂದ 4ಕೆ ಡಿಸ್ಕ್‌ನಲ್ಲಿ ಅಂಚುಗಳು ಪಿಕ್ಸೆಲ್ ಮಟ್ಟದಲ್ಲಿ ಸಿಗುತ್ತವೆ. ಇದಕ್ಕೆ ವಿರುದ್ಧವಾಗಿ 1977ರ ‘ಸ್ಟಾರ್ ವಾರ್ಸ್’, 1982ರ ‘ಬ್ಲೇಡ್ ರನ್ನರ್’ ಎರಡೂ ಅನಾಮಾರ್ಫಿಕ್ ಲೆನ್ಸಿನವು: ಅಗಲವನ್ನು ಅರ್ಧಕ್ಕೆ ಹಿಂಡಿ ಫಿಲ್ಮ್ ಮೇಲೆ ಕೂರಿಸಿ, ತೋರಿಸುವಾಗ ಮತ್ತೆ ಹಿಗ್ಗಿಸುವ ಏರ್ಪಾಡು. ಹಿಗ್ಗಿಸಿದ ಮೇಲೂ ಅಂಚಿನ ಕಡೆ ನೆಟ್ಟಗಿನ ಗೆರೆ ಬಿಲ್ಲಿನಂತೆ ಬಾಗಿರುತ್ತದೆ. ಎಫ್‌ಸ್ಪೈ ಲೆನ್ಸಿನ ಬಾಗನ್ನು ಗಣನೆಗೆ ತೆಗೆದುಕೊಳ್ಳುವುದೇ ಇಲ್ಲ; ಅದರ ಪಾಲಿಗೆ ಎಲ್ಲ ಗೆರೆಯೂ ನೆಟ್ಟಗೇ. ಹಾಗಾಗಿ ಅನಾಮಾರ್ಫಿಕ್ ಚಿತ್ರಗಳಲ್ಲಿ ಪ್ರಾಪ್ ಫ್ರೇಮಿನ ನಡುವಿನ ಮೂರನೇ ಒಂದು ಭಾಗದಲ್ಲಿರುವ ದೃಶ್ಯ ಹುಡುಕಿ. ಇಲ್ಲವೇ ಬ್ಲೆಂಡರ್‌ನ ಮೂವಿ ಕ್ಲಿಪ್ ಎಡಿಟರ್‌ನಲ್ಲಿ ಬಾಗು ನೆಟ್ಟಗೆ ಮಾಡಿ ಆಮೇಲೆ ಎಫ್‌ಸ್ಪೈಗೆ ಕೊಡಿ.

ಮೂರನೆಯದು, ಕತ್ತರಿಸಿದ ಚಿತ್ರ. ಅಂತರ್ಜಾಲದಲ್ಲಿ ಸಿಗುವ ಪ್ರಾಪ್ ಚಿತ್ರಗಳಲ್ಲಿ ಯಾರೋ ಎಲ್ಲೋ ಕ್ರಾಪ್ ಮಾಡಿದವೇ ಜಾಸ್ತಿ. ಎಫ್‌ಸ್ಪೈ ಸುಮ್ಮನೆ ಬಿಟ್ಟರೆ ಚಿತ್ರದ ನಡುವನ್ನೇ ಲೆನ್ಸಿನ ನಡು ಎಂದುಕೊಳ್ಳುತ್ತದೆ. ಎರಡೂ ಕಡೆಯ ಬಿಂದುಗಳು ಹೆಚ್ಚುಕಡಿಮೆ ಸಮದೂರದಲ್ಲಿದ್ದರೆ ಇದರಿಂದ ಫೋಕಲ್ ಲೆಂಗ್ತ್‌ಗೆ ದೊಡ್ಡ ಪೆಟ್ಟು ಬೀಳುವುದಿಲ್ಲ. ಮೇಲಿನ 1500–1800ರ ಉದಾಹರಣೆಯಲ್ಲಿ ನಡುಬಿಂದು 200 ಪಿಕ್ಸೆಲ್ ಬಲಕ್ಕೆ ಸರಿದಿದ್ದರೆ 1700 ಮತ್ತು 1600 ಆಗುತ್ತದೆ, ಉತ್ತರ 1649. ಆದರೆ ಒಂದು ಬಿಂದು ಹತ್ತಿರ, ಇನ್ನೊಂದು ಬಹುದೂರ ಇದ್ದರೆ ಕಥೆ ಬೇರೆ. ಎಡಕ್ಕೆ 600, ಬಲಕ್ಕೆ 5000 ಎಂದಿಟ್ಟುಕೊಳ್ಳಿ: ಉತ್ತರ 1732. ಅದೇ 200 ಪಿಕ್ಸೆಲ್ ಒಂದು ಕಡೆ ಸರಿದರೆ 1960, ಇನ್ನೊಂದು ಕಡೆ ಸರಿದರೆ 1442. 1920 ಪಿಕ್ಸೆಲ್ ಅಗಲದ ಫ್ರೇಮಿಗೆ 52.6 ಮಿ.ಮೀ. ಲೆಕ್ಕ ಹಾಕಿದರೆ 47.5 ಮಿ.ಮೀ. ಲೆನ್ಸು ಒಮ್ಮೆ 53.7, ಒಮ್ಮೆ 39.5 ಆಗುತ್ತದೆ. ಒಂದೇ ಪ್ರಾಪ್‌ನ ಆಳ ಎರಡು ರೀತಿ ಬರುವಷ್ಟು ವ್ಯತ್ಯಾಸ ಇದು. ಆದ್ದರಿಂದ ಫ್ರೇಮನ್ನು ಡಿಸ್ಕ್‌ನಿಂದ ನೀವೇ ತೆಗೆಯಿರಿ. ಮೇಲೆ ಕೆಳಗಿನ ಕಪ್ಪು ಪಟ್ಟಿ ಮಾತ್ರ ಸಮನಾಗಿ ತೆಗೆದು, ಬೇರೇನೂ ಮುಟ್ಟಬೇಡಿ. ಹಳೆಯ ಟಿ.ವಿ. ಆವೃತ್ತಿಗಳಲ್ಲಿ ಚಿತ್ರದ ಅಕ್ಕಪಕ್ಕ ಕತ್ತರಿಸಿ ತೆರೆ ತುಂಬಿಸಿರುತ್ತಾರೆ, ಅವಂತೂ ಬೇಡವೇ ಬೇಡ.

ಸೆಟ್‌ನಲ್ಲಿ ತೆಗೆದ ಸ್ಟಿಲ್ ಫೋಟೋಗಳ ಬಗ್ಗೆ ಒಂದು ಮಾತು. ಅವು ಸಿನಿಮಾ ಕ್ಯಾಮೆರಾದ ಫ್ರೇಮಲ್ಲ. ಬೇರೆ ಛಾಯಾಗ್ರಾಹಕ, ಬೇರೆ ಕ್ಯಾಮೆರಾ, ಬೇರೆ ಲೆನ್ಸು. ವಿವರ ಚೆನ್ನಾಗಿರುತ್ತದೆ, ಆದರೆ ಪತ್ರಿಕೆಗಳಿಗೆ ಹೋಗುವಾಗ ಕತ್ತರಿ ಬಿದ್ದಿರುವುದೇ ಹೆಚ್ಚು. ಚಿತ್ರ ಪೂರ್ತಿ ಚೌಕವಾಗಿದ್ದರೆ ಅಥವಾ 3:2 ಅನುಪಾತದಲ್ಲಿದ್ದರೆ ಕತ್ತರಿ ಬಿದ್ದಿಲ್ಲವೆಂದು ಸ್ವಲ್ಪ ಆಶೆ ಇಡಬಹುದು. ಬೇರೆ ಅನುಪಾತವಿದ್ದರೆ ವಿವರ ನೋಡಲು ಮಾತ್ರ ಬಳಸಿ, ಅಳತೆಗೆ ಬೇಡ.

ಇನ್ನು ಬಳಕೆ. ಚಿತ್ರವನ್ನು ಎಳೆದು ಕಿಟಕಿಯೊಳಗೆ ಬಿಟ್ಟರೆ ಎರಡು ಜೋಡಿ ಗೆರೆಗಳು ಕಾಣಿಸುತ್ತವೆ. ಎಡಗಡೆ ಆಯ್ಕೆಗಳಲ್ಲಿ ವ್ಯಾನಿಶಿಂಗ್ ಪಾಯಿಂಟ್ ಒಂದೋ ಎರಡೋ ಎಂದು ಕೇಳುತ್ತದೆ, ಎರಡು ಇಟ್ಟುಕೊಳ್ಳಿ. ಹಾಲ್ ಫಲಕ ಎರಡೂ ದಿಕ್ಕಿಗೆ ಓರೆಯಾಗಿ ಕಾಣುವ ಫ್ರೇಮ್ ಸಿಕ್ಕಿದ್ದರೆ ರೆಕ್ಟ್ಯಾಂಗಲ್ ಮೋಡ್ ಹಾಕಿ, ಫಲಕದ ನಾಲ್ಕು ಮೂಲೆಗಳನ್ನು ಗುರುತಿಸಿದರೆ ಮುಗಿಯಿತು. ಅಡ್ಡ ಅಂಚಿನ ಜೋಡಿಗೆ ಎಕ್ಸ್, ಉದ್ದ ಅಂಚಿನ ಜೋಡಿಗೆ ಝಡ್ ಅಕ್ಷ ಕೊಡಿ. ಇದನ್ನು ಮರೆತರೆ ಬ್ಲೆಂಡರ್‌ನಲ್ಲಿ ಫಲಕ ನೆಲದ ಮೇಲೆ ಮಲಗಿರುತ್ತದೆ. ಮೂಲೆ ಗುರುತಿಸುವಾಗ ಶಿಫ್ಟ್ ಒತ್ತಿ ಹಿಡಿದರೆ ಭೂತಗನ್ನಡಿ ಬರುತ್ತದೆ, ಅದಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಫಲಕದ ಅಂಚಿಗೆ ದಪ್ಪ ಇದೆ, ಆದ್ದರಿಂದ ಪ್ರತಿ ಬದಿಯಲ್ಲೂ ಎರಡು ಗೆರೆ ಕಾಣುತ್ತದೆ: ಹೊರಗಿನದು, ಒಳಗಿನದು. ಒಂದು ಮೂಲೆಯಲ್ಲಿ ಹೊರಗಿನದನ್ನೂ ಎದುರು ಮೂಲೆಯಲ್ಲಿ ಒಳಗಿನದನ್ನೂ ಹಿಡಿದರೆ ಗೆರೆ ಒಂದು ಡಿಗ್ರಿ ಅತ್ತಿತ್ತ ಹೋಗುತ್ತದೆ. ಹೊಸಬರು ಮಾಡುವ ತಪ್ಪುಗಳಲ್ಲಿ ಇದು ಮೊದಲನೆಯದು. ಒಳಗಿನ ಗೆರೆ, ಅಂದರೆ ಕಪ್ಪು ಫಲಕ ಬೆಳ್ಳಿ ಅಂಚನ್ನು ಸೇರುವ ಜಾಗ, ಸಾಮಾನ್ಯವಾಗಿ ಹೆಚ್ಚು ಸ್ಪಷ್ಟ. ಅದನ್ನೇ ನಾಲ್ಕೂ ಕಡೆ ಹಿಡಿಯಿರಿ.

ಕ್ಯಾಮೆರಾ ಮಟ್ಟಸವಾಗಿದ್ದು, ಲಂಬ ಅಂಚುಗಳು ಚಿತ್ರದಲ್ಲೂ ಸಮಾಂತರವಾಗಿಯೇ ಇದ್ದರೆ ಎರಡನೇ ಬಿಂದು ಫಲಕದಿಂದ ಸಿಗುವುದಿಲ್ಲ. ಆಗ ಫಲಕದ ಸುತ್ತಲಿನ ಸೆಟ್‌ನಿಂದ ಸಾಲ ಪಡೆಯಬೇಕು: ಕನ್ಸೋಲ್‌ನ ಆಳದ ಅಂಚು, ಮೇಜಿನ ಬದಿ. ಇಲ್ಲಿ ಒಂದು ಅಪಾಯ ಇದೆ. ಬಾಹ್ಯಾಕಾಶ ನೌಕೆಯ ಸೆಟ್ ಎಂದರೆ ಇಳಿಜಾರು ಗೋಡೆ, ಓರೆ ಕನ್ಸೋಲ್ ಇರುವಂಥದ್ದೇ. ನೋಡಲು ಲಂಬಕೋನದಂತಿರುವ ಮೂಲೆ 80 ಡಿಗ್ರಿಯಾಗಿದ್ದರೆ ಎಫ್‌ಸ್ಪೈಗೆ ಅದು ಗೊತ್ತಾಗುವುದಿಲ್ಲ, 90 ಎಂದೇ ನಂಬಿ ಲೆಕ್ಕ ಹಾಕುತ್ತದೆ. ಸಂಶಯವಿದ್ದರೆ ಒಂದು ಬಿಂದುವಿನ ಮೋಡ್‌ಗೆ ಹೋಗಿ, ಫೋಕಲ್ ಲೆಂಗ್ತ್ ನೀವೇ ಕೊಡಿ. ಅದೇ ದೃಶ್ಯದ, ಕ್ಯಾಮೆರಾ ಅಲುಗದ ಇನ್ನೊಂದು ಫ್ರೇಮಿನಲ್ಲಿ ಬೇರೆ ವಸ್ತು ಕಾಣುತ್ತಿದ್ದರೆ ಅದರಿಂದ ಫೋಕಲ್ ಲೆಂಗ್ತ್ ತೆಗೆದು ಇಲ್ಲಿ ಹಾಕಬಹುದು.

ಕ್ಯಾಮೆರಾ ಡೇಟಾ ಎಂಬಲ್ಲಿ ಸೆನ್ಸರ್ ಅಳತೆ ಕೇಳುತ್ತದೆ. ಎರಡು ಬಿಂದುಗಳ ಮೋಡ್‌ನಲ್ಲಿ ಇದು ಮಾಡೆಲ್ ಮೇಲೆ ಏನೂ ಪರಿಣಾಮ ಬೀರುವುದಿಲ್ಲ. ಬಲಗಡೆ ತೋರಿಸುವ ಮಿಲಿಮೀಟರ್ ಸಂಖ್ಯೆ ಮಾತ್ರ ಬದಲಾಗುತ್ತದೆ. ಆದರೂ 52.6 × 23 ಹಾಕಿ. ಯಾಕೆಂದರೆ ಅದೊಂದು ಸುಳ್ಳು ಪತ್ತೆಯಂತ್ರ. ಉತ್ತರ 45 ಎಂದು ಬಂದರೆ ನಂಬುವಂಥ ಲೆನ್ಸು. 213 ಎಂದೋ 9 ಎಂದೋ ಬಂದರೆ ಎಲ್ಲೋ ಗೆರೆ ತಪ್ಪಿದೆ. ಅನಾಮಾರ್ಫಿಕ್ ಚಿತ್ರವಾದರೆ ನೆಗೆಟಿವ್‌ನ 22 ಮಿ.ಮೀ. ಅಗಲವನ್ನು ದುಪ್ಪಟ್ಟು ಮಾಡಿ 44 ಎಂದು ಕೊಡಿ. ಅದೇ ಫೈಲ್ ಬ್ಲೆಂಡರ್‌ಗೆ ಹೋದಾಗ 45ರ ಲೆನ್ಸು ಅಲ್ಲಿ 31 ಎಂದು ಕಾಣಿಸಿದರೆ ಗಾಬರಿಯಾಗಬೇಡಿ. ಬ್ಲೆಂಡರ್ ಸೆನ್ಸರನ್ನು 36 ಮಿ.ಮೀ. ಎಂದುಕೊಂಡಿರುತ್ತದೆ, ನೋಟದ ಕೋನ ಎರಡರಲ್ಲೂ ಒಂದೇ.

ಗೆರೆ ಎಳೆಯುವುದರಲ್ಲಿ ಎಷ್ಟು ಜಾಗರೂಕತೆ ಬೇಕು ಎಂಬುದಕ್ಕೆ ಮತ್ತೆ ಅದೇ ಉದಾಹರಣೆ. ಬಲಗಡೆ ಬಿಂದು 1800ರಿಂದ 2400ಕ್ಕೆ ಜಿಗಿದರೆ ಫೋಕಲ್ ಲೆಂಗ್ತ್ 45ರಿಂದ 52ಕ್ಕೆ ಹೋಗುತ್ತದೆ. 600 ಪಿಕ್ಸೆಲ್ ಎಂದರೆ ದೊಡ್ಡ ಜಿಗಿತ ಅನ್ನಿಸಬಹುದು. ಆದರೆ ಚಿತ್ರದಲ್ಲಿ ಬರೀ 150 ಪಿಕ್ಸೆಲ್ ಉದ್ದ ಕಾಣುವ ಗೆರೆಯ ತುದಿಯನ್ನು ಎರಡು ಪಿಕ್ಸೆಲ್ ಅತ್ತಿತ್ತ ಇಟ್ಟರೆ ಸಾಕು, ಇಷ್ಟಾಗಲು. ಪರಿಹಾರ: ಆದಷ್ಟು ಉದ್ದದ ಗೆರೆ, ಆದಷ್ಟು ಒಂದರಿಂದೊಂದು ದೂರವಿರುವ ಜೋಡಿ. ಫಲಕ ಚಿಕ್ಕದಾಗಿ ಕಾಣುತ್ತಿದ್ದರೆ ಅದೇ ಗೋಡೆಯ ಮೇಲಿನ, ಫಲಕಕ್ಕೆ ಸಮಾಂತರವಾದ ಉದ್ದ ಪಟ್ಟಿ ಹಿಡಿಯಿರಿ. ಗೆರೆ ಇಟ್ಟಾದ ಮೇಲೆ ತ್ರೀಡಿ ಗೈಡ್‌ನಲ್ಲಿ ಬಾಕ್ಸ್ ಆರಿಸಿ, ಆ ಪೆಟ್ಟಿಗೆಯನ್ನು ಚಿತ್ರದ ಬೇರೆ ಬೇರೆ ಜಾಗಕ್ಕೆ ಎಳೆದು ನೋಡಿ. ನೀವು ಗೆರೆ ಎಳೆಯದ ವಸ್ತುಗಳ ಅಂಚಿಗೂ ಅದು ಹೊಂದುತ್ತಿದ್ದರೆ ಲೆಕ್ಕ ಕೂತಿದೆ. ಗೆರೆ ಎಳೆದ ಜಾಗದಲ್ಲೇ ಪರೀಕ್ಷಿಸುವುದು ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಂಡಂತೆ.

ಇಷ್ಟಾದರೂ ಎಫ್‌ಸ್ಪೈ ಕೊಡುವುದು ಅನುಪಾತವನ್ನೇ ಹೊರತು ಮಿಲಿಮೀಟರನ್ನಲ್ಲ. ಒಂದು ಚಿತ್ರದಿಂದ ನಿಜವಾದ ಗಾತ್ರ ತಿಳಿಯುವುದು ಸಾಧ್ಯವೇ ಇಲ್ಲ. ಬೆಂಕಿಪೊಟ್ಟಣದಷ್ಟಿರುವ ಹಾಲ್ ಹತ್ತಿರವಿದ್ದರೂ, ಬಾಗಿಲಿನಷ್ಟಿರುವ ಹಾಲ್ ದೂರವಿದ್ದರೂ ಚಿತ್ರ ಒಂದೇ. ಗಾತ್ರಕ್ಕೆ ಚಿತ್ರದೊಳಗೇ ಒಂದು ಅಳತೆಗೋಲು ಬೇಕು. ವೈಜ್ಞಾನಿಕ ಕಲ್ಪನೆಯ ಹಳೆಯ ಪ್ರಾಪ್‌ಗಳ ಸೊಗಸು ಇಲ್ಲೇ ಇರುವುದು: ಅವೆಲ್ಲ ನಿಜ ಜಗತ್ತಿನ ಸಾಮಾನುಗಳಿಂದ ಜೋಡಿಸಿದವು. ಹಾಲ್‌ನ ಕಣ್ಣು ನಿಕಾನ್ ಕಂಪನಿಯ 8 ಮಿ.ಮೀ. ಎಫ್/8 ಫಿಶ್‌ಐ ನಿಕ್ಕೋರ್ ಲೆನ್ಸ್. ಹಳೆಯ ಕ್ಯಾಮೆರಾ ಸಂಗ್ರಹಿಸುವವರಲ್ಲಿ ಆ ಲೆನ್ಸೂ, ಅದರ ಅಳತೆ ಬರೆದಿರುವ ಕ್ಯಾಟಲಾಗೂ ಇದೆ. ‘ಸ್ಟಾರ್ ವಾರ್ಸ್’ನ ಲ್ಯೂಕ್ ಹಿಡಿಯುವ ಲೈಟ್‌ಸೇಬರ್‌ನ (ಬೆಳಕಿನ ಕತ್ತಿಯ) ಹಿಡಿ ಗ್ರಾಫ್ಲೆಕ್ಸ್ ಕ್ಯಾಮೆರಾ ಫ್ಲ್ಯಾಶ್‌ನ ಬ್ಯಾಟರಿ ಕೊಳವೆ, ಸೆಟ್ ಡೆಕೊರೇಟರ್ ರೋಜರ್ ಕ್ರಿಶ್ಚಿಯನ್ ಅದನ್ನು ಲಂಡನ್ನಿನ ಒಂದು ಫೋಟೋಗ್ರಫಿ ಅಂಗಡಿಯಲ್ಲಿ ಹುಡುಕಿದ್ದರು. ಅದರೊಳಗೆ ಕೂರುವುದು ಮೂರು ಡಿ ಸೆಲ್, ನಮ್ಮಲ್ಲಿ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರ ಉದ್ದ ಟಾರ್ಚಿಗೆ ಹಾಕುವ ಅದೇ ದಪ್ಪ ಸೆಲ್. ಆ ಸೆಲ್‌ನ ಗರಿಷ್ಠ ಅಳತೆ 34.2 × 61.5 ಮಿ.ಮೀ. ನಿಮ್ಮ ಮಾಡೆಲ್‌ನ ಕೊಳವೆಯ ಒಳವ್ಯಾಸ 31 ಎಂದು ಬಂದರೆ ಬೇರೆ ಪರೀಕ್ಷೆ ಬೇಡ, ತಪ್ಪಿದೆ.

ಅದೇ ಸಿನಿಮಾದ ಬಿಳಿ ಕವಚದ ಸೈನಿಕರಾದ ಸ್ಟಾರ್ಮ್‌ಟ್ರೂಪರ್‌ಗಳ ಗನ್ ಇ-11 ಬ್ಲಾಸ್ಟರ್ ಇನ್ನೂ ಸ್ವಾರಸ್ಯ. ಅದರ ಒಡಲು ಬ್ರಿಟಿಷ್ ಸಬ್‌ಮಷಿನ್ ಗನ್ ಸ್ಟರ್ಲಿಂಗ್ ಎಲ್2ಎ3: ಹೆಗಲಿಗೆ ಆನಿಸುವ ಹಿಂಬದಿಯ ಹಿಡಿ ಬಿಚ್ಚಿದಾಗ 686, ಮಡಿಸಿದಾಗ ಸುಮಾರು 480 ಮಿ.ಮೀ. ಮೇಲೆ ಎಂ38 ಟ್ಯಾಂಕ್ ದುರ್ಬೀನು, ಕೊಳವೆಯ ತೂತುಗಳ ಸಾಲಿಗೆ ಕಪ್ಪು ಪಟ್ಟಿ, ಪಕ್ಕದಲ್ಲಿ ಒಂದು ಕೌಂಟರ್. ಇದೇ ಸ್ಟರ್ಲಿಂಗನ್ನು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ ಕಾರ್ಬೈನ್ 1ಎ ಎಂದು ತಯಾರಿಸಿದೆ. ನಮ್ಮ ಪೊಲೀಸರ ಹೆಗಲಲ್ಲಿ ತೂತು ತೂತಿನ ಕೊಳವೆಯ ಕಾರ್ಬೈನ್ ನೋಡಿದವರು ಗೊತ್ತಿಲ್ಲದೇ ಬ್ಲಾಸ್ಟರ್‌ನ ರೆಫರೆನ್ಸ್ ನೋಡಿದ್ದಾರೆ. (ಹಾಗೆಂದು ಹತ್ತಿರ ಹೋಗಿ ಟೇಪು ಹಿಡಿಯುವ ಸಾಹಸ ಬೇಡ, ಕಟ್ಟಿದ ಪ್ರತಿಕೃತಿಯನ್ನು ಮೆಟ್ರೋಗೋ ವಿಮಾನದ ಕೈಚೀಲಕ್ಕೋ ಒಯ್ಯುವುದೂ ಬೇಡ.)

ಅಳತೆಗೋಲು ಸಿಕ್ಕಿತೆಂದು ಎಫ್‌ಸ್ಪೈನಲ್ಲಿ ಗೊತ್ತಿರುವ ಉದ್ದ ಕೊಡುವ ಜಾಗವಾದ ರೆಫರೆನ್ಸ್ ಡಿಸ್ಟೆನ್ಸ್‌ಗೆ ನೇರವಾಗಿ ತುಂಬಿಸಿಬಿಡಬೇಡಿ. ಅದು ನೀವು ತೋರಿಸಿದ ಅಕ್ಷದ ಉದ್ದಕ್ಕೆ, ಗುರುತಿಸಿದ ಸಮತಲಕ್ಕೆ ಅಂಟಿಕೊಂಡು ಅಳೆಯುತ್ತದೆ. ಹಾಲ್‌ನ ಲೆನ್ಸ್ ಫಲಕದಿಂದ ಮುಂದೆ ಚಾಚಿಕೊಂಡಿದೆ. ಕ್ಯಾಮೆರಾ 800 ಮಿ.ಮೀ. ದೂರದಲ್ಲಿದ್ದು ಲೆನ್ಸಿನ ಅಂಚು 20 ಮಿ.ಮೀ. ಮುಂದಿದ್ದರೆ ಅದು ಶೇಕಡಾ 2.6ರಷ್ಟು ದೊಡ್ಡದಾಗಿ ಕಾಣುತ್ತದೆ. ಅಷ್ಟೇ ಪ್ರಮಾಣದಲ್ಲಿ ಇಡೀ ಫಲಕ ಚಿಕ್ಕದಾಗಿಬಿಡುತ್ತದೆ. ಇದಕ್ಕಿಂತ ಒಳ್ಳೆಯ ದಾರಿ: ಡಿಸ್ಟೆನ್ಸ್ ಖಾಲಿ ಬಿಟ್ಟು ಬ್ಲೆಂಡರ್‌ಗೆ ಹೋಗಿ, ಫಲಕ ಕಟ್ಟಿ, ಅದರ ಮುಂದೆ ಸರಿಯಾದ ಜಾಗದಲ್ಲಿ ಲೆನ್ಸಿನ ಬಳೆ ಕಟ್ಟಿ, ಚಿತ್ರಕ್ಕೆ ಹೊಂದಿದ ಮೇಲೆ ಕ್ಯಾಮೆರಾ ಸಮೇತ ಇಡೀ ದೃಶ್ಯವನ್ನು ಮೂಲಬಿಂದುವಿನಿಂದ ಹಿಗ್ಗಿಸಿ, ಬಳೆಯ ವ್ಯಾಸ ಕ್ಯಾಟಲಾಗಿನ ಅಳತೆಗೆ ಬರುವವರೆಗೆ. ಯಾವುದು ನಿಕ್ಕೋರ್‌ನ ಬಳೆ, ಯಾವುದು ಅದರ ಸುತ್ತ ಸೆಟ್‌ನವರು ಕೂರಿಸಿದ ಉಂಗುರ ಎಂಬುದನ್ನು ಮೊದಲು ಬೇರೆ ಮಾಡಿಕೊಳ್ಳಿ.

ಪಿಕ್ಸೆಲ್ ಬಡತನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೆನ್ಸ್ ಚಿತ್ರದಲ್ಲಿ 90 ಪಿಕ್ಸೆಲ್ ಅಗಲವಿದ್ದು ಎರಡೂ ತುದಿಯಲ್ಲಿ ಒಂದೊಂದು ಪಿಕ್ಸೆಲ್ ಅನುಮಾನವಿದ್ದರೆ ಶೇಕಡಾ 2.2 ತಪ್ಪು, 400 ಮಿ.ಮೀ. ಫಲಕಕ್ಕೆ ಸುಮಾರು 9 ಮಿ.ಮೀ. ಅದೇ ಫ್ರೇಮ್ 4ಕೆಯಲ್ಲಿ ಸಿಕ್ಕರೆ ತಪ್ಪು ಅರ್ಧಕ್ಕಿಳಿಯುತ್ತದೆ. ಚಿಕ್ಕ ಅಳತೆಗೋಲಿನಿಂದ ದೊಡ್ಡದನ್ನು ಅಳೆಯುವ ಈ ಕಷ್ಟಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ. ನಾಲ್ಕೈದು ಫ್ರೇಮುಗಳಲ್ಲಿ ಬೇರೆ ಬೇರೆಯಾಗಿ ಮಾಡಿ ಮಧ್ಯದ ಬೆಲೆ ಹಿಡಿಯುವುದೊಂದೇ ದಾರಿ. ಇನ್ನೊಂದು ಎಚ್ಚರ: ಹಾಲ್‌ನ ಫಲಕ ನೌಕೆಯ ಹಲವು ಜಾಗಗಳಲ್ಲಿ ಕಾಣಿಸಿಕೊಳ್ಳುತ್ತದೆ, ಎಲ್ಲವೂ ಒಂದೇ ಅಚ್ಚಿನವು ಎಂದು ಊಹಿಸಬೇಡಿ. ಒಂದು ಜಾಗದ ಫಲಕ ಹಿಡಿದರೆ ಕೊನೆವರೆಗೂ ಅದನ್ನೇ ಹಿಡಿಯಿರಿ. ಎರಡು ಬೇರೆ ಫಲಕಗಳ ಸರಾಸರಿ ಚಿತ್ರದಲ್ಲಿ ಎಲ್ಲೂ ಇಲ್ಲದ ಮೂರನೆಯ ಫಲಕವಾಗುತ್ತದೆ.

ವೃತ್ತಗಳ ಬಗ್ಗೆ. ಓರೆಯಾಗಿ ಕಂಡ ವೃತ್ತ ಚಿತ್ರದಲ್ಲಿ ಅಂಡಾಕಾರವಾಗುತ್ತದೆ. ಆ ಅಂಡಾಕಾರದ ನಡುಬಿಂದು ನಿಜವಾದ ವೃತ್ತದ ನಡುಬಿಂದು ಅಲ್ಲ. ನಿಜವಾದದ್ದು ಸ್ವಲ್ಪ ದೂರದ ಅಂಚಿನ ಕಡೆಗೆ ಇರುತ್ತದೆ. ಕಣ್ಣನ್ನು ಅಂಡಾಕಾರದ ನಡುವಿಗೆ ಕೂರಿಸಿದವರ ಹಾಲ್ ಮೆಳ್ಳೆಗಣ್ಣಾಗುವುದು ಹೀಗೆ. ಬ್ಲೆಂಡರ್‌ನಲ್ಲಿ ಫಲಕದ ಸಮತಲದಲ್ಲೇ ವೃತ್ತ ಹಾಕಿ, ಅದನ್ನು ಸರಿಸುತ್ತ ಹಿಗ್ಗಿಸುತ್ತ ಚಿತ್ರದ ಅಂಚಿಗೆ ಹೊಂದಿಸಿ, ನಡುಬಿಂದು ತಾನಾಗಿ ಸಿಗುತ್ತದೆ.

ಕೊಳವೆಯಾಕಾರದ ಪ್ರಾಪ್‌ಗಳಿಗೆ, ಅಂದರೆ ಬಹುಪಾಲು ಲೈಟ್‌ಸೇಬರ್‌ಗಳಿಗೆ, ಎಫ್‌ಸ್ಪೈ ಅರ್ಧ ಕೆಲಸಕ್ಕಷ್ಟೇ. ಕೊಳವೆಯ ಎರಡು ಹೊರ ಅಂಚುಗಳು ಅಕ್ಷಕ್ಕೆ ಸಮಾಂತರ, ಹಾಗಾಗಿ ಒಂದು ವ್ಯಾನಿಶಿಂಗ್ ಪಾಯಿಂಟ್ ಸಿಗುತ್ತದೆ. ಎರಡನೆಯದಕ್ಕೆ ಅದರಲ್ಲಿ ಏನೂ ಇಲ್ಲ. ಹಿಡಿದಿರುವವರ ಹಿಂದಿನ ಕಿಟಕಿ, ಬಾಗಿಲು ಕೊಡುವ ದಿಕ್ಕಿಗೂ ಕೊಳವೆಗೂ ಸಂಬಂಧವಿಲ್ಲ. ಹಿನ್ನೆಲೆಯಿಂದ ಫೋಕಲ್ ಲೆಂಗ್ತ್ ಮಾತ್ರ ತೆಗೆದುಕೊಂಡು, ಒಂದು ಬಿಂದುವಿನ ಮೋಡ್‌ನಲ್ಲಿ ಕೊಳವೆಗೆ ಬೇರೆಯಾಗಿ ಲೆಕ್ಕ ಹಾಕಬೇಕು. ತೀರಾ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕೊಳವೆ ಇರುವುದಕ್ಕಿಂತ ದಪ್ಪ ಕಾಣುವುದೂ ಉಂಟು: 40 ಮಿ.ಮೀ. ವ್ಯಾಸದ ಕೊಳವೆಯ ನಡು ಕ್ಯಾಮೆರಾದಿಂದ 100 ಮಿ.ಮೀ. ದೂರವಿದ್ದರೆ 40.8 ಎಂದು ಅಳೆಯುತ್ತೀರಿ. 300 ಮಿ.ಮೀ. ದಾಟಿದರೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಇನ್ನು ಹೆಲ್ಮೆಟ್, ಮುಖವಾಡ, ಅನ್ಯಗ್ರಹ ಜೀವಿಯ ಕೈಗವಚ ಇಂಥ ಗೆರೆಯಿಲ್ಲದ ವಸ್ತುಗಳಿಗೆ ಎಫ್‌ಸ್ಪೈ ಬಳಸುವುದು ಬಡಗಿಯ ಮಟ್ಟಗೋಲಿನಿಂದ ಕುಂಬಳಕಾಯಿ ಅಳೆದಂತೆ. ಅದಕ್ಕೆ ಹಲವು ಫೋಟೋಗಳಿಂದ ಆಕಾರ ಕಟ್ಟುವ ಫೋಟೋಗ್ರಾಮೆಟ್ರಿಯೇ ಸರಿ. ಅದನ್ನು ಮಾಡುವ ಮೆಶ್‌ರೂಮ್ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಆದರೆ ಅದು ಒಂದೇ ವಸ್ತುವನ್ನು ಸುತ್ತಲಿಂದ ತೆಗೆದ ಹತ್ತಾರು ಚಿತ್ರ ಕೇಳುತ್ತದೆ, ಹೊಳೆಯುವ ಕಪ್ಪು ಮೈ ಕಂಡರೆ ಕಂಗಾಲಾಗುತ್ತದೆ. ಹಾಲ್ ಅದಕ್ಕೆ ಹೇಳಿ ಮಾಡಿಸಿದ ಶತ್ರು.

ಮಾಡೆಲ್ ಆದ ಮೇಲೆ ಅದನ್ನು ಮೆಚ್ಚಿಕೊಂಡು ಕೂರುವ ಮುಂಚೆ ಒಂದು ಕೆಲಸ ಉಳಿದಿರುತ್ತದೆ: ಬೇರೆ ಕೋನದ ಇನ್ನೊಂದು ಫ್ರೇಮಿಗೆ ಪ್ರತ್ಯೇಕ ಲೆಕ್ಕ ಹಾಕಿ, ಆ ಕ್ಯಾಮೆರಾದಿಂದ ಇದೇ ಮಾಡೆಲ್ ನೋಡುವುದು. ಅಗಲ–ಎತ್ತರದ ಅನುಪಾತದಲ್ಲಿ ಶೇಕಡಾ 2ರೊಳಗೆ ಹೊಂದಿದರೆ ಕತ್ತರಿಸಲು ಹೊರಡಬಹುದು. ಹೊಂದದಿದ್ದರೆ ಮಾಡೆಲ್ ತಿದ್ದಬೇಡಿ, ಎರಡೂ ಫ್ರೇಮುಗಳ ಗೆರೆ ತಿದ್ದಿ.

ಕತ್ತರಿಸುವುದಕ್ಕೆ ಬಂದರೆ, ಹಾಲ್‌ಗೆ ತ್ರೀಡಿ ಪ್ರಿಂಟರಿಗಿಂತ ಅಂಗಡಿ ಬೋರ್ಡ್ ಮಾಡುವವರೇ ಹೆಚ್ಚು ಉಪಯೋಗ. ಅವರಲ್ಲಿ 3 ಮತ್ತು 4 ಮಿ.ಮೀ. ಎಸಿಪಿ (ನಡುವೆ ಪ್ಲಾಸ್ಟಿಕ್, ಎರಡೂ ಕಡೆ ತೆಳು ಅಲ್ಯೂಮಿನಿಯಂ) ಹಾಳೆ ಇರುತ್ತದೆ, ಗೀರುಗೀರಾದ ಅಲ್ಯೂಮಿನಿಯಂ ಮೈಯದೂ ಸಿಗುತ್ತದೆ. ಬೆಳ್ಳಿ ಅಂಚಿಗೆ ಅದು, ಫಲಕಕ್ಕೆ 3 ಮಿ.ಮೀ. ಕಪ್ಪು ಅಕ್ರಿಲಿಕ್. ಬ್ಲೆಂಡರ್‌ನಿಂದ ನೇರ ಎದುರಿನ ನೋಟವನ್ನು ಆರ್ಥೋಗ್ರಾಫಿಕ್‌ನಲ್ಲಿ (ದೂರದ್ದು ಕುಗ್ಗದ ನೋಟದಲ್ಲಿ) ತೆಗೆದು, ಕತ್ತರಿಸುವ ಯಂತ್ರ ಓದುವ ಡಿಎಕ್ಸ್‌ಎಫ್ ಫೈಲ್ ಮಾಡಿಕೊಟ್ಟರೆ ಅಕ್ರಿಲಿಕ್ ಅನ್ನು ಲೇಸರ್‌ನಲ್ಲಿ, ಎಸಿಪಿಯನ್ನು ರೌಟರ್ ಯಂತ್ರದಲ್ಲಿ ಕತ್ತರಿಸಿಕೊಡುತ್ತಾರೆ. ಪರ್ಸ್ಪೆಕ್ಟಿವ್ ಬದಲಾಯಿಸುವುದನ್ನು ಮರೆತರೆ ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಓರೆ ಮತ್ತೆ ಒಳಗೆ ಬಂದು ಕೂರುತ್ತದೆ. ಅಕ್ರಿಲಿಕ್ ಅನ್ನು ಅಂಚಿನೊಳಗೆ ಬಿಗಿಯಾಗಿ ಕೂರಿಸದೆ ಪ್ರತಿ ಬದಿಗೆ ಅರ್ಧ ಮಿ.ಮೀ. ಸಡಿಲ ಬಿಡಿ, ಬೇಸಿಗೆಯಲ್ಲಿ ಹಿಗ್ಗಿ ಉಬ್ಬುತ್ತದೆ. ಕಣ್ಣಿನ ಹಿಂದೆ ಒಂದು ಕೆಂಪು ಎಲ್‌ಇಡಿ, 5 ವೋಲ್ಟ್ ಮೊಬೈಲ್ ಚಾರ್ಜರ್, ನಡುವೆ 150 ಓಮ್ ರೆಸಿಸ್ಟರ್, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಇಷ್ಟೂ ಹತ್ತು ನಿಮಿಷದ ಕೆಲಸ. ಎಲ್‌ಇಡಿ ನೇರ ಮುಂದೆ ಕಂಡರೆ ಟಾರ್ಚಿನಂತಾಗುತ್ತದೆ. ಹಿಂದೆ ಸರಿಸಿ, ಮುಂದೆ ಹಾಲುಬಿಳಿ ಅಕ್ರಿಲಿಕ್ ತುಂಡು ಇಟ್ಟರೆ ಆ ಒಳಗಿನಿಂದ ಕೆಂಡದಂತೆ ಬರುವ ಬೆಳಕು ಬರುತ್ತದೆ.

ಹಣದ ಮಾತೇ ಇಲ್ಲದ ಸಾಫ್ಟ್‌ವೇರನ್ನು ಹಣಕ್ಕೆ ತಕ್ಕದ್ದೇ ಎಂದು ತೂಗಲಾಗದು, ತೆಗೆದುಕೊಳ್ಳುವುದು ಸಮಯ. ಕಲಿಯಲು ಒಂದು ಸಂಜೆ, ಸರಿಯಾದ ಫ್ರೇಮ್ ಹುಡುಕಲು ಎರಡು ಮೂರು ಸಂಜೆ. ಪೆಟ್ಟಿಗೆ, ಫಲಕ, ಕನ್ಸೋಲ್, ಗನ್‌ನ ಚಪ್ಪಟೆ ಒಡಲು, ಬಾಗಿಲು, ಕೀಲಿಮಣೆ ಇಂಥವುಗಳಿಗೆ ಇದಕ್ಕಿಂತ ಚುರುಕಾದ ಸಾಧನ ಬೇಕಿಲ್ಲ. ಕೊಳವೆಗೆ ಹಿಂದುಮುಂದು ನೋಡಿ ಬಳಸಿ. ಬ್ಲೆಂಡರ್ ಗೊತ್ತಿಲ್ಲದವರಿಗೆ ಮಾತ್ರ ಇದು ಅರ್ಧ ಸೇತುವೆ: ಕ್ಯಾಮೆರಾ ಕೊಡುತ್ತದೆ, ಮಾಡೆಲ್ ಕಟ್ಟಿಕೊಡುವುದಿಲ್ಲ. ಆಮದು ಮಾಡುವ ಆಡ್-ಆನ್ ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ನಿಮ್ಮ ಬ್ಲೆಂಡರ್ ಆವೃತ್ತಿಗೆ ಅದು ಹೊಂದುತ್ತದೆಯೇ ಎಂದು ಒಂದು ಖಾಲಿ ಫೈಲಿನಲ್ಲಿ ಮೊದಲೇ ಪರೀಕ್ಷಿಸಿ, ನಾಲ್ಕು ಗಂಟೆ ಗೆರೆ ಎಳೆದಾದ ಮೇಲಲ್ಲ. ಸೇವ್ ಮಾಡಿದ ಎಫ್‌ಸ್ಪೈ ಫೈಲಿನೊಳಗೇ ಚಿತ್ರವೂ ಸೇರಿರುತ್ತದೆ. ಮೂಲ ಫ್ರೇಮ್ ಕಳೆದುಹೋದರೂ ಲೆಕ್ಕ ಉಳಿಯುತ್ತದೆ. ಆ ಫೈಲನ್ನು ಇನ್ನೊಬ್ಬರಿಗೆ ಕಳಿಸಿದರೆ ಸಿನಿಮಾದ ಫ್ರೇಮೂ ಜೊತೆಗೇ ಹೋಗುತ್ತದೆ.